ಬುಟ್ಟಿಯಲ್ಲಿದ್ದ ನಲವತ್ತೊಂದು ಕೈ

ಆಸ್ಪತ್ರೆಯ ಲಾಂಡ್ರಿ ಹೆಂಗಸರ ಸಂಘಕ್ಕೆ ಇದ್ದದ್ದು ಒಂದೇ ಲ್ಯಾಪ್‌ಟಾಪ್. ಯಾವುದೋ ಕಚೇರಿಯವರು ಬೇಡವೆಂದು ಕೊಟ್ಟದ್ದು, ಹನ್ನೆರಡು ವರ್ಷ ಹಳೆಯದು. ಹೋದ ವಿಚಾರಣೆಯಲ್ಲಿ ಅದು ಕಣ್ಣು ಬಿಡಲು ಇಪ್ಪತ್ತು ನಿಮಿಷ ಹಿಡಿದು, ಮೊದಲ ಫೋಟೋ ಬರುವ ಹೊತ್ತಿಗೆ ಆರಿಹೋಗಿತ್ತು. ‘ನಿಮ್ಮ ಮಿಷಿನ್ ಹುಷಾರಾದ ಮೇಲೆ ಬನ್ನಿ’ ಎಂದು ಕಾರ್ಮಿಕ ಇಲಾಖೆಯ ಅಧಿಕಾರಿ ಕಡತ ಮುಚ್ಚಿದ್ದರು. ಕೈ ಹುಷಾರಾಯಿತೇ ಎಂದು ಅವರು ಕೇಳಿರಲಿಲ್ಲ.

ಕೈಗಳೇ ದೂರು. ಬಟ್ಟೆ ಒಗೆಯುವ ಹೊಸ ಪುಡಿ ಬಂದ ತಿಂಗಳಿಂದ ಚರ್ಮ ಸುಲಿದ ಕೈಗಳ ನಲವತ್ತೊಂದು ಫೋಟೋ, ಒಂದೊಂದಕ್ಕೂ ತಾರೀಖು. ಫೋಟೋ ತೆಗೆದ ಫೋನು ನೀರಿಗೆ ಬಿದ್ದು ಸತ್ತಿತ್ತು. ಉಳಿದದ್ದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ. ನಾಳೆ ಬೆಳಿಗ್ಗೆ ಹತ್ತಕ್ಕೆ ಮತ್ತೆ ವಿಚಾರಣೆ.

ಸಂಘದ ಮುಂದಾಳು, ಎಲ್ಲರೂ ಇಸ್ತ್ರಿಯಕ್ಕ ಎಂದು ಕರೆಯುವ ಹೆಂಗಸು, ಲ್ಯಾಪ್‌ಟಾಪನ್ನು ತನ್ನ ಮನೆಯ ಊಟದ ಮೇಜಿನ ಮೇಲಿಟ್ಟು, ಟಿವಿ ರಿಪೇರಿ ಮಾಡುವ ಮೈದುನನನ್ನು ಕರೆಸಿದ್ದಳು.

“ಅತ್ತಿಗೆ, ಇದಕ್ಕೆ ಮುಪ್ಪಲ್ಲ, ಹೊರೆ ಜಾಸ್ತಿ. ಹಳೇ ವಿಂಡೋಸ್ ಒರೆಸಿ, ಹಗುರಾದ ಲಿನಕ್ಸ್ ಹಾಕಿದ್ರೆ ಎದ್ದು ಓಡುತ್ತೆ.”

“ನನಗೂ ಒಂದಿಷ್ಟು ಹಾಕಪ್ಪ.”

ಅವನು ಮೊದಲು ಸಂಘದ ಫೋಲ್ಡರುಗಳನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ತುಂಬಿಸಿಕೊಂಡ. ಲಿನಕ್ಸ್ ಇದ್ದ ಇನ್ನೊಂದನ್ನು ಚುಚ್ಚಿ ಲ್ಯಾಪ್‌ಟಾಪ್ ಮತ್ತೆ ಚಾಲೂ ಮಾಡಿದ. ಭಾಷೆ, ಕೀಬೋರ್ಡು, ಊರಿನ ಸಮಯ, ಎಲ್ಲ ಕೇಳಿ ಮುಗಿಸಿದ ಪರದೆ ಕೊನೆಗೆ ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು ಕೇಳಿತು.

“ಬುಟ್ಟೀಲಿರೋದನ್ನ ತಗೊಂಡೆ ತಾನೆ?” ಎಂದಳು ಅವಳು.

ಅವನ ಬೆರಳು ನಿಂತಿತು. “ಯಾವ ಬುಟ್ಟಿ?”

“ಪರದೆ ಮೂಲೇಲಿತ್ತಲ್ಲ. ಕೈ ಫೋಟೋ ಎಲ್ಲ ಅದರಲ್ಲೇ ಇಟ್ಟಿದ್ದೀನಿ.”

“ಅಯ್ಯೋ ಅತ್ತಿಗೆ! ಅದು ಕಸದ ಬುಟ್ಟಿ!”

ಲಾಂಡ್ರಿಯಲ್ಲಿ ಕೆಲಸ ಮುಗಿದದ್ದು ಮಡಿಚಿ ಕಪಾಟಿಗೆ, ಮುಗಿಯದ್ದು ಬುಟ್ಟಿಗೆ. ಬುಟ್ಟಿ ಖಾಲಿಯಾಗದೆ ಪಾಳಿಯವರು ಮನೆಗೆ ಹೋಗುವಂತಿಲ್ಲ. ಹದಿನೆಂಟು ವರ್ಷದ ಅಭ್ಯಾಸ. ಹಳೆಯ ಸಭೆಗಳ ಕಾಗದವನ್ನು ಅವಳು ಫೋಲ್ಡರಿಗೆ ಹಾಕಿದ್ದಳು, ಇನ್ನೂ ತೀರ್ಮಾನವಾಗದ ಕೈಗಳನ್ನು ಬುಟ್ಟಿಗೆ.

“ಯಾರಾದ್ರೂ ಅದನ್ನ ಖಾಲಿ ಮಾಡಿದ್ರೆ ಏನು ಗತಿಯಾಗ್ತಿತ್ತು?”

“ಕೆಲಸ ಮುಗೀದೆ ಬುಟ್ಟಿ ಖಾಲಿ ಮಾಡೋರು ಮ್ಯಾನೇಜರುಗಳು. ನಾವಲ್ಲ.”

ಅವನು ನಗುತ್ತಲೇ ಬೆವರು ಒರೆಸಿಕೊಂಡ. ಅಳಿಸುವುದನ್ನು ಬಿಟ್ಟು, ಪೆನ್‌ಡ್ರೈವ್ ಕಿತ್ತು ಹಳೆಯದನ್ನೇ ಮತ್ತೆ ಎಬ್ಬಿಸಿದ. ಅದು ತನ್ನ ಹಟದಂತೆ ಇಪ್ಪತ್ತು ನಿಮಿಷ ಗುರುಗುಟ್ಟಿತು. ಕೊನೆಗೆ ಬುಟ್ಟಿ ತೆರೆಯಿತು. ಅವಳು ಬೆರಳಿಟ್ಟು ಎಣಿಸಿದಳು. ಕೆಲಸ ಬಿಟ್ಟುಹೋದ ಆರು ಜನರ ಕೈ ಬಂದಾಗ ಒಂದೊಂದಕ್ಕೂ ಕ್ಷಣ ನಿಂತಳು. ನಲವತ್ತೊಂದೂ ಇದ್ದವು.

ಅವನ್ನು ಎರಡು ಕಡೆ ನಕಲು ಮಾಡಿದ ಮೇಲೆಯೇ ಅವನು ಡಿಸ್ಕ್ ಅಳಿಸಿದ. ಮಧ್ಯಾಹ್ನದ ಹೊತ್ತಿಗೆ ಹೊಸದು ಕೂತಿತು. ವೈಫೈ ಮಾತ್ರ ಮುನಿಸಿಕೊಂಡಿತ್ತು. ತನ್ನ ಫೋನನ್ನು ತಂತಿಯಿಂದ ಸಿಕ್ಕಿಸಿ, ಬೇಕಾದದ್ದನ್ನು ಇಳಿಸಿಕೊಂಡು ಅದನ್ನೂ ಒಲಿಸಿದ. ಕನ್ನಡ ಅಕ್ಷರ ಮೂಡುವಂತೆ ಮಾಡಿದ. ಆರಿಸಿ ಹೊತ್ತಿಸಿದರೆ ನಲವತ್ತು ಸೆಕೆಂಡು.

“ಇನ್ಮೇಲೆ ಬುಟ್ಟಿಗೆ ಏನೂ ಹಾಕ್ಬೇಡಿ, ಅತ್ತಿಗೆ.”

“ಹಾಗಾದ್ರೆ ಮುಗಿಯದ ಕೆಲಸಕ್ಕೆ ಒಂದು ಜಾಗ ಮಾಡಿಕೊಡು.”

ಅವನು ಪರದೆಯ ನಟ್ಟನಡುವೆ ಒಂದು ಫೋಲ್ಡರು ಮಾಡಿ, ನಲವತ್ತೊಂದು ಕೈಯನ್ನೂ ಅದರೊಳಗೆ ಇಟ್ಟುಕೊಟ್ಟ.

ಮಾರನೇ ದಿನ ವಿಚಾರಣೆಯ ಕೋಣೆಯಲ್ಲಿ ಅವಳು ಗೋಡೆಯ ಪ್ಲಗ್ಗಿನ ಪಕ್ಕದ ಕುರ್ಚಿಯನ್ನೇ ಹಿಡಿದಳು. ಬ್ಯಾಟರಿ ಯಾವಾಗಲೋ ಕೈಕೊಟ್ಟಿತ್ತು. ಅಧಿಕಾರಿ ಗಡಿಯಾರ ನೋಡುತ್ತ, “ಏನಮ್ಮ, ಇವತ್ತಾದ್ರೂ ಏಳುತ್ತಾ ನಿಮ್ಮ ಮಿಷಿನ್ನು?” ಎಂದು ಕನ್ನಡಕ ಒರೆಸತೊಡಗಿದರು. ಅವರು ಕನ್ನಡಕ ಏರಿಸುವಷ್ಟರಲ್ಲಿ ಪರದೆಯ ತುಂಬ ಒಂದು ಅಂಗೈ ಬಂದಿತ್ತು. ಕೆಳಗೆ ತಾರೀಖು.

ಅಧಿಕಾರಿ ಅದನ್ನು ನೋಡಿದರು. ಪಕ್ಕದಲ್ಲಿದ್ದ ಲಾಂಡ್ರಿ ಮ್ಯಾನೇಜರನ್ನು ನೋಡಿದರು. “ಸರಿ, ಗೊತ್ತಾಯ್ತು. ಸಾಕು” ಎಂದು ಕಡತದ ದಾರಕ್ಕೆ ಕೈ ಹಾಕಿದರು.

“ದಾರ ಬಿಡಿ ಸ್ವಾಮಿ,” ಎಂದಳು ಇಸ್ತ್ರಿಯಕ್ಕ ಸಮಾಧಾನವಾಗಿ. “ಇದು ಒಬ್ಬಳ ಕೈ. ಇನ್ನೂ ನಲವತ್ತಿದೆ.”

ಬೆರಳಿನಿಂದ ಮುಂದಿನದನ್ನು ತಂದಳು.