ಮುಂದಿನ ಎರಡು ಸಾಲು

"ತಲೆ ಕಡೆ ಸ್ವಲ್ಪ ಎತ್ರೋ, ಬಾಗಿಲಿಗೆ ತಾಗುತ್ತೆ!"

ಹಮಾಲರು ತಮ್ಮ ಮೇಸ್ತ್ರಿಯ ಹೆಣವನ್ನು ಓರೆ ಮಾಡಿಕೊಂಡು ಇಕ್ಕಟ್ಟಿನ ಬಾಗಿಲಿನಿಂದ ಅಂಗಳಕ್ಕೆ ತಂದರು. ಭಾರ ಎತ್ತುವುದನ್ನು ಅವರಿಗೆ ಬೈದು ಬೈದು ಕಲಿಸಿದವನು ಇವತ್ತು ತಾನೇ ಭಾರವಾಗಿ ಬಾಯಿ ಮುಚ್ಚಿಕೊಂಡಿದ್ದ. ನಿನ್ನೆ ಬಂದರಿನಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಹೆಂಡತಿಗೆ ಇನ್ನೂ ಅಳುವೇ ಬಂದಿರಲಿಲ್ಲ.

ಸಾಹುಕಾರರು ಭಾರಿ ಹೂಮಾಲೆ ಹಿಡಿದು ಬಂದರು. ಹೊರದೇಶದಿಂದ ಮಾಲು ತರಿಸುವ ದೊಡ್ಡ ಕುಳ. ಈ ಮನೆಯೂ ಅವರದ್ದೇ. ಮಾಲೆ ಹಾಕುವ ಮೊದಲೇ ಅವಳನ್ನು ಅಡುಗೆಮನೆಗೆ ಕರೆದರು.

"ನೋಡಮ್ಮ, ನಿನ್ನೆ ನಮ್ಮ ಕಂಟೇನರ್‌ನ ಕಸ್ಟಮ್ಸ್‌ನೋರು ಹಿಡಿದಿದಾರೆ. ಇಲ್ಲಿಗೂ ಬರ್ತಾರೆ. 'ಎಲ್ಲಾ ನಮ್ಮೆಜಮಾನರ ಕೆಲಸ, ಸಾಹುಕಾರರಿಗೆ ಏನೂ ಗೊತ್ತಿಲ್ಲ' ಅಂದ್ಬಿಡು. ಹೋದೋನನ್ನ ಯಾರು ಜೈಲಿಗೆ ಹಾಕ್ತಾರೆ?"

"ಹೇಳದಿದ್ರೆ?"

"ಮನೆ ವಿಷಯ ಇವತ್ತು ಯಾಕೆ ಬಿಡು. ನಾನಿದ್ದೀನಲ್ಲ."

ಅವರು ಹೊರಗೆ ಹೋದದ್ದೇ ತಡ, ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಅವಳ ತಮ್ಮ ಪಿಸುಗುಟ್ಟಿದ: "ಒಪ್ಕೊಳಕ್ಕಾ. ಭಾವನಿಗೆ ಇನ್ನೇನಾಗ್ಬೇಕಿದೆ? ನೀನು ಬೀದಿಗೆ ಬೀಳ್ತೀಯ."

*

ಹಿಂದೊಮ್ಮೆ ಅವಳು ಇದೇ ಅಡುಗೆಮನೆಯ ಕಪಾಟು ತೆಗೆದರೆ ಮುಂದೆಲ್ಲ ಖಾಲಿ ಡಬ್ಬಿಗಳು. ಸಕ್ಕರೆ ಹಿಂದೆ ಅಡಗಿ ಕುಳಿತಿತ್ತು.

"ಏನ್ರೀ, ಬಂದರಿನ ಬುದ್ಧಿ ಮನೆಗೂ ತಂದ್ರಾ?"

ಗಂಡ ನಕ್ಕ. "ಅಲ್ಲೂ ಹಿಂಗೇ ಕಣೆ. ಮುಂದಿನೆರಡು ಸಾಲು ಪ್ಲಾಸ್ಟಿಕ್ ಬಕೆಟ್ಟು, ಹಿಂದೆ ಸುಂಕ ಕಟ್ಟದ ಸಾಹುಕಾರರ ದುಬಾರಿ ಮಾಲು. ಆ ಎರಡು ಸಾಲನ್ನ ನಾನು ಎಷ್ಟು ನಿಧಾನವಾಗಿ ಇಳಿಸ್ತೀನಿ ಅಂದ್ರೆ, ಮುಗಿಯೋ ಹೊತ್ತಿಗೆ ಅಧಿಕಾರಿಗೆ ಹೊಟ್ಟೆ ಹಸಿದು ಸಾಕಪ್ಪಾ ಸಾಕು ಅಂತಾನೆ."

ಸಿಕ್ಕಿಬಿದ್ದರೆ ದಂಡ. ಸಾಹುಕಾರರು ಅದನ್ನು ನೊಣ ಓಡಿಸಿದಷ್ಟು ಸಲೀಸಾಗಿ ಕಟ್ಟಿ ಬರುತ್ತಿದ್ದರು. ಈ ವರ್ಷ ಕಾನೂನು ಬಿಗಿಯಾಯಿತು. ದಂಡದ ಜೊತೆ ಜೈಲೂ ಸೇರಿತು. ಅಂದಿನಿಂದ ಮೇಸ್ತ್ರಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

"ಆಗಲ್ಲ ಅಂತ ಹೇಳ್ಬಿಡಿ," ಎಂದಳು.

"ಹೇಳ್ದೆ. ನಿನಗ್ಯಾಕೋ ಭಯ, ನಾನಿದ್ದೀನಲ್ಲ ಅಂದ್ರು."

ನಿನ್ನೆ ಹೊಸ ಅಧಿಕಾರಿ ಬಂದಿದ್ದ. ಎರಡು ಸಾಲು ಇಳಿದ ಮೇಲೂ ಅವನಿಗೆ ಹಸಿವಾಗಲಿಲ್ಲ. "ಮೂರನೇದೂ ಇಳಿಸಿ," ಎಂದ. ಮೇಸ್ತ್ರಿ ಕುಸಿದದ್ದು ಆಗಲೇ.

*

ಹೆಣ ಸಾಗಿಸುವ ಗಾಡಿಯ ಹಿಂದೆಯೇ ಆ ಅಧಿಕಾರಿಯೂ ಬಂದ. ಟೋಪಿ ತೆಗೆದು ಹೆಣದ ಮುಂದೆ ತಲೆ ತಗ್ಗಿಸಿದ. ಸಾಹುಕಾರರು ಅಷ್ಟರಲ್ಲಿ ಎರಡು ಸಾಲಾಗಿ ನಿಂತಿದ್ದ ಹಮಾಲರ ಹಿಂದೆ ಸರಿದು ಮರೆಯಾಗಿದ್ದರು.

"ಇವತ್ತು ಕೇಳಬಾರ್ದಮ್ಮ, ಆದ್ರೂ ಕೇಳ್ಲೇಬೇಕು. ಇದನ್ನೆಲ್ಲ ಮಾಡಿಸ್ತಿದ್ದೋರು ಯಾರು?"

ತಮ್ಮ ಅವಳ ಮೊಣಕೈ ಅದುಮಿದ. ನಾಳೆ ಎಲ್ಲಿ ಮಲಗುವುದು ಎಂಬುದೊಂದೇ ಅವಳ ತಲೆಯಲ್ಲಿ ಸುತ್ತಿತು. ಗಂಡನ ಮುಖ ನೋಡಿದಳು. ಜೀವನವಿಡೀ ಬಕೆಟ್ಟು ಇಳಿಸಿದವನನ್ನು ಈಗ ಆ ಬಕೆಟ್ಟಿನ ಜಾಗದಲ್ಲೇ ತಂದು ನಿಲ್ಲಿಸಿದ್ದಾರೆ ಎನ್ನಿಸಿತು. ಅಲ್ಲಿಯವರೆಗೆ ಬಾರದಿದ್ದ ಅಳು ಒಮ್ಮೆಗೇ ಒತ್ತರಿಸಿ ಬಂತು.

ಕಣ್ಣು ಒರೆಸಿಕೊಂಡು ಹಮಾಲರ ಕಡೆ ತಿರುಗಿದಳು.

"ಹಿಂದಿರೋರು ಇವ್ರಿಗೆ ಕಾಣ್ತಿಲ್ಲ. ಸ್ವಲ್ಪ ಸರೀರಪ್ಪ."

ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲು ಸರಿಯಿತು. ಆಮೇಲೆ ಎರಡನೆಯದೂ ಸರಿಯಿತು.

ಗೋಡೆಗೆ ಬೆನ್ನು ಹಚ್ಚಿ ಸಾಹುಕಾರರು ನಿಂತಿದ್ದರು, ಇನ್ನೂ ಹಾಕದ ಹೂಮಾಲೆಯನ್ನು ಎದೆಗೆ ಅವುಚಿಕೊಂಡು.