ಗೊಂಡೆಮಾಲೆಗೆ ಹಿಂದಿ ಬರುವುದಿಲ್ಲ

ಕೋಪರಖೈರಣೆಯ ಕನ್ನಡ ಸಂಘಕ್ಕೆ ಸ್ಮಾರ್ಟ್ ಬೋರ್ಡು ಬಂದದ್ದೇನೋ ಸರಿ, ಭಾನುವಾರದ ಕನ್ನಡ ಕ್ಲಾಸಿನ ಟೀಚರ್ ಪ್ರಣೀತಾಳಿಗೆ ಅದನ್ನು ಮುಟ್ಟಲು ಬಿಡಬೇಕಲ್ಲ! ಉದ್ಘಾಟನೆಗೆ ಒಳ್ಳೆಯ ದಿನ ಕೂಡಿಬರಬೇಕಿತ್ತು. ಸೀವುಡ್ಸಿನಲ್ಲಿ ಹೋಟೆಲು ನಡೆಸುವ ಅಧ್ಯಕ್ಷ ಪುಂಡರೀಕಾಕ್ಷಣ್ಣನಿಗೆ ಪುರುಸೊತ್ತಾಗಬೇಕಿತ್ತು. ಅಷ್ಟು ದಿನವೂ ಬೋರ್ಡು ಪ್ಲಾಸ್ಟಿಕ್ ಹೊದ್ದು ಗೋಡೆಯ ಮೇಲಿತ್ತು. ಪ್ರಣೀತಾ ಅದರ ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಹಲಸಿನ ಹಣ್ಣು ಬಿಡಿಸಿ, ಮಕ್ಕಳು ಅದನ್ನು ಮುಳ್ಳುಹಂದಿ ಎಂದುಕೊಂಡು ನಕ್ಕಾಗ ತಾನೂ ನಗಬೇಕಾಯಿತು.

ಇವತ್ತು ಉದ್ಘಾಟನೆ. ಕ್ಲಾಸಿನ ಹಣೆಬರಹವೂ ಇವತ್ತೇ. "ಮಕ್ಕಳ ಬಾಯಿಂದ ಒಂದು ಕನ್ನಡ ಶಬ್ದ ಹೊರಡುವುದಿಲ್ಲ. ಇವತ್ತೂ ಹೀಗೇ ಆದರೆ ಬೋರ್ಡು ಸಮೇತ ರೂಮನ್ನು ಕೋಚಿಂಗ್ ಕ್ಲಾಸಿನವರಿಗೆ ಕೊಡುವ" ಎಂದು ಪುಂಡರೀಕಾಕ್ಷಣ್ಣ ಹೇಳಿಯಾಗಿತ್ತು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ, ಯಾರೊಡನೆಯೂ ನಾಲ್ಕು ಮಾತಾಡದ ಪ್ರಣೀತಾಳಿಗೆ ವಾರಕ್ಕೊಮ್ಮೆ ಬಾಯಿ ಬಿಡಲು ಇದ್ದದ್ದು ಆ ರೂಮೊಂದೇ. ಅದನ್ನು ಉಳಿಸಿಕೊಳ್ಳಲೆಂದೇ ಅವಳು ಒಂದು ಆಟ ತಯಾರಿಸಿದ್ದಳು. ಬೋರ್ಡಿನಲ್ಲಿ ಚಿತ್ರ, ಕೆಳಗೆ ನಾಲ್ಕು ಹೆಸರು. ಸರಿಯಾದದ್ದನ್ನು ಮುಟ್ಟಿದರೆ ಚಪ್ಪಾಳೆ, ತಪ್ಪಿದರೆ ಕಹಳೆ.

ದೀಪ, ಸ್ವಾಗತ, ಶಾಲು, ಭಾಷಣ ಎಲ್ಲ ಆಯಿತು. ಕಾರ್ಯದರ್ಶಿ ಮುಕ್ತಕ್ಕ ಬೋರ್ಡಿನ ಅಂಚಿಗೆ ಕುಂಕುಮವಿಟ್ಟು ದಪ್ಪನೆಯ ಗೊಂಡೆಹೂವಿನ ಮಾಲೆ ಹಾಕಿದರು. ಅದರ ತುದಿ ಆಟದಲ್ಲಿ ಎಡಬದಿಯ ಮೊದಲ ಹೆಸರು ಬರುವ ಜಾಗದವರೆಗೂ ಇಳಿದಿತ್ತು.

ಹಲಸಿನ ಹಣ್ಣಿನ ಚಿತ್ರ ಬಂತು. ಮುಂದಿನ ಸಾಲಿನ ಹುಡುಗ ಸಮಿತ್ ಎದ್ದು ಬರುವಷ್ಟರಲ್ಲಿ ಬೋರ್ಡು ತಾನೇ 'ಕುಂಬಳಕಾಯಿ' ಒತ್ತಿಕೊಂಡು ಕಹಳೆ ಊದಿತು. ಗಿಳಿಯ ಚಿತ್ರಕ್ಕೆ 'ಕಾಗೆ'. ಮತ್ತೆ ಕಹಳೆ. ಪ್ರಣೀತಾ ಬೋರ್ಡಿನ ಹತ್ತಿರ ಬಂದಳು. ನೋಡಿದರೆ ಫ್ಯಾನಿನ ಗಾಳಿಗೆ ಮಾಲೆ ತೂಗುತ್ತಿದೆ. ಏನು ತಾಗಿದರೂ ಬೆರಳೆಂದು ನಂಬುವ ಬೋರ್ಡು!

"ಮುಕ್ತಕ್ಕ, ಮಾಲೆ ಸ್ವಲ್ಪ ತೆಗೀಲಾ?"

"ಅಯ್ಯೋ ದೇವರೇ! ಮಂಗಳಾರತಿ ಆಗದೆ ಪೂಜೆಯ ಹೂ ತೆಗೆಯುವುದಾ?"

"ಮಂಗಳಾರತಿ ಯಾವಾಗ?"

"ನಿನ್ನ ಆಟ ಮುಗಿದ ಮೇಲೆ, ಮಾರಾಯ್ತಿ."

"ಹಾಗಾದ್ರೆ ಫ್ಯಾನ್ ಆಫ್ ಮಾಡ್ತೇನೆ."

"ಈ ಸೆಖೆಯಲ್ಲಾ? ಅಣ್ಣ ಶಾಲು ಹೊದ್ದು ಕೂತದ್ದು ಕಾಣುವುದಿಲ್ವಾ?"

ಅಣ್ಣ ಆಗಲೇ ಗಡಿಯಾರ ನೋಡುತ್ತಿದ್ದರು.

"ಟೀಚರ್, ಯೇ ಚೀಟಿಂಗ್ ಕರ್ ರಹಾ ಹೈ!" ಸಮಿತ್ ಮಾಲೆಯತ್ತ ಕೈ ಬೀಸಿದ. "ಏಯ್, ಹಟ್!"

ಪ್ರಣೀತಾಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಅದಕ್ಕೆ ಹಿಂದಿ ಬರುವುದಿಲ್ಲ! ಬೈಯುವುದಾದ್ರೆ ಕನ್ನಡದಲ್ಲಿ ಬೈ!"

ಅಷ್ಟು ದೊಡ್ಡ ದನಿ ತನ್ನದೇ ಎಂದು ತಿಳಿದು ಅವಳಿಗೇ ಗಾಬರಿಯಾಯಿತು. ಆಮೇಲೆ ಪುಟ್ಟ ನಿಕಿತಾ ಸೊಂಟಕ್ಕೆ ಕೈಯಿಟ್ಟು ಎದ್ದಳು. "ಏ ಮಾಲೆ, ಅದು ಕಾಗೆ ಅಲ್ಲ, ಗಿಳಿ. ಗೊತ್ತಾಯ್ತಾ?"

ಮುಂದಿನದು ಹುಣಸೆ. ಮಾಲೆ 'ಮಾವು' ಎಂದಿತು.

"ಹುಣಸೆ! ಹುಣಸೆ! ಕಣ್ಣು ಕಾಣಲ್ವಾ ನಿಂಗೆ?"

"ದಡ್ಡ ಮಾಲೆ! ಎಮ್ಮೆಯನ್ನು ಕತ್ತೆ ಅಂತದೆ!"

"ಊಟ ಮಾಡಿ ಬರಲಿಲ್ವಾ ನೀನು?"

ಮನೆಯಲ್ಲಿ ದಿನಾ ತಿಂದು ಬಾಯಿಪಾಠವಾಗಿದ್ದ ಬೈಗುಳವೆಲ್ಲ ಮಾಲೆಯ ಮೇಲೆ ಸುರಿಯಿತು. ಅಪ್ಪಿತಪ್ಪಿ ಅದು 'ಬಾಳೆಹಣ್ಣು' ಸರಿಯಾಗಿ ಒತ್ತಿದಾಗ, "ಬುದ್ಧಿ ಬಂತು ನೋಡಿ ಇದಕ್ಕೆ!" ಎಂದು ಸಮಿತ್ ಕುಣಿದ.

ಪುಂಡರೀಕಾಕ್ಷಣ್ಣ ಶಾಲು ಸರಿಮಾಡಿಕೊಂಡರು. "ರೂಮು ಇವಳಿಗೇ ಇರಲಿ. ನೋಡಿದಿರಾ ಪೂಜೆಯ ಫಲ? ಹೂ ಬಿದ್ದದ್ದೇ ತಡ, ಮಕ್ಕಳಿಗೆ ಕನ್ನಡ ಬಂತು!"

ಪ್ರಣೀತಾ ಮುಂದಿನ ಚಿತ್ರ ಒತ್ತಿದಳು.

ಮರುವಾರ ಬೋರ್ಡು ಬೋಳಾಗಿ, ಚೊಕ್ಕಟವಾಗಿ ಹೊಳೆಯುತ್ತಿತ್ತು. ಆಟ ಒಂದಿಷ್ಟೂ ತಪ್ಪದೆ ನಡೆಯಿತು. ಮಕ್ಕಳು ಸಾಲಾಗಿ ಬಂದರು, ಸರಿಯುತ್ತರ ಮುಟ್ಟಿದರು, ತುಟಿ ಬಿಚ್ಚದೆ ಹೋಗಿ ಕೂತರು. ಸಮಿತ್ ಆಕಳಿಸಿದ. "ಟೀಚರ್, ವೋ ಮಾಲಾ ಕಿಧರ್ ಹೈ?"

ಪ್ರಣೀತಾ ಹಲ್ಲು ಕಚ್ಚಿಕೊಂಡು ಪರ್ಸ್ ತೆಗೆದಳು. ಕ್ಲಾಸನ್ನು ಮುಕ್ತಕ್ಕನಿಗೆ ಒಪ್ಪಿಸಿ, ಚಪ್ಪಲಿ ಮೆಟ್ಟಿ ಸ್ಟೇಷನ್ನಿನ ಹೂವಿನವನ ಮುಂದೆ ಹೋಗಿ ನಿಂತಳು. ಅವನು ತೋರಿಸಿದ್ದು ಗಿಡ್ಡ ಮಾಲೆ. ಅವಳು ತಲೆಯಾಡಿಸಿ, ಬೇಕಾದ ಉದ್ದವನ್ನು ಎರಡೂ ಕೈಯಲ್ಲಿ ಅಳೆದು ತೋರಿಸಿದಳು.