ಭಾವನ ಹಿಡಿತ

ಎಂಜಿನಿಯರ್ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಉಳಿದವರು ಸುಮ್ಮನಿರಲಾದೀತೆ? ಕಾಲುವೆಯ ದಂಡೆಯ ಮೇಲಿದ್ದ ವೆಲ್ಡರ್‌ಗಳು, ವೈರಿಂಗಿನವರು, ಲಾರಿ ಡ್ರೈವರ್ ಎಲ್ಲರೂ ತಟ್ಟಿದರು. ನಡುವೆ ಭಾವ ತಲೆ ತಗ್ಗಿಸಿ ನಿಂತಿದ್ದ. ಭಾಮೈದ ಕರೆಯುವುದನ್ನು ಕೇಳಿ ಕೇಳಿ ಇಡೀ ಗುಂಪಿಗೇ ಅವನು ಭಾವನಾಗಿಬಿಟ್ಟಿದ್ದ. ಸ್ವಂತ ಹೆಸರು ಹಾಜರಿ ಕೂಗುವಾಗ ಮಾತ್ರ ಬೇಕಾಗುತ್ತಿತ್ತು.

"ನೋಡಿ, ಕೆಲಸ ಅಂದ್ರೆ ಹೀಗಿರ್ಬೇಕು," ಎಂದರು ಎಂಜಿನಿಯರ್. "ಜೊತೆಗಾರ ನೀರಿಗೆ ಬಿದ್ರೂ ಪ್ಯಾನೆಲ್ ಬಿಡ್ಲಿಲ್ಲ."

ಆ ಜೊತೆಗಾರ ಬೇರೆ ಯಾರೂ ಅಲ್ಲ, ಭಾಮೈದನೇ, ಹೆಂಡತಿಯ ಒಬ್ಬನೇ ತಮ್ಮ. ಗೋಣಿಚೀಲ ಹೊದ್ದು ಲಾರಿಯ ಪಕ್ಕ ನಡುಗುತ್ತ ಕೂತಿದ್ದ. "ನಮ್ಮ ಭಾವಂದು ಉಡದ ಪಟ್ಟು ಸಾರ್," ಎಂದು ಹಲ್ಲು ಕಟಕಟಿಸುತ್ತಲೇ ಹೇಳಿದ. ಎಲ್ಲರೂ ನಕ್ಕರು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗೋಣ ಎನ್ನಿಸಿತು ಭಾವನಿಗೆ.

ಕಾಲುವೆಗೆ ಅಡ್ಡಲಾಗಿ ಕಬ್ಬಿಣದ ತೊಲೆ ಇಟ್ಟು, ಮೇಲೆ ಸೋಲಾರ್ ಪ್ಯಾನೆಲ್‌ಗಳನ್ನು ಚಪ್ಪರದ ಹಾಗೆ ಹಾಸುವ ಕೆಲಸ ಅವರದು. ಮೇಲೆ ಕರೆಂಟು, ಕೆಳಗೆ ನೀರಿಗೆ ನೆರಳು. ಬಿಸಿಲಿಗೆ ಆವಿಯಾಗಿ ಹೋಗುವ ನೀರು ಉಳಿಯುತ್ತದೆ. "ನೀರಿಗೂ ಕೊಡೆ ಹಿಡಿಯೋ ಕಾಲ ಬಂತಲ್ಲಪ್ಪ," ಎಂದು ಅತ್ತೆ ನಕ್ಕಿದ್ದರು. ಆದರೆ ಮಗನನ್ನು ಕಳಿಸಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ. ನಾನಿದ್ದೀನಲ್ಲ ಎಂದು ಎದೆ ತಟ್ಟಿ ಕರೆತಂದವನು ಭಾವ. ಅವನಿಗೆ ಈಜು ಚೆನ್ನಾಗಿ ಬರುತ್ತಿತ್ತು. ಭಾಮೈದನಿಗೆ ಅಷ್ಟಿಷ್ಟು ಕಲಿಸಿದ್ದೂ ಅವನೇ.

ಅವತ್ತು ಮಧ್ಯಾಹ್ನ ಇಬ್ಬರೂ ಒಂದು ಪ್ಯಾನೆಲ್‌ನ ಎರಡು ತುದಿ ಹಿಡಿದು, ನಡೆಯಲು ಹಾಕಿದ್ದ ಹಲಗೆಯ ಮೇಲೆ ಹೋಗುತ್ತಿದ್ದಾಗ ಹಿಂದಿದ್ದ ಭಾಮೈದನ ಕಾಲು ಜಾರಿತು. ಅವನು ಹಿಡಿದಿದ್ದ ತುದಿ ತೊಲೆಯ ಮೇಲೆ ಕೂತಿತು. ಅವನು ಮಾತ್ರ ಕೆಳಗೆ ಬಿದ್ದು, ಒಂದು ಕೈಯಲ್ಲಿ ಅದೇ ತೊಲೆಗೆ ಜೋತುಬಿದ್ದ. ಸೊಂಟದವರೆಗೆ ನೀರು, ಒಳ್ಳೆಯ ಸೆಳೆತ. "ಭಾವ," ಎಂದ. ಕೂಗಲಿಲ್ಲ, ಊಟಕ್ಕೆ ಕೂತಾಗ ನೀರಿನ ಚೊಂಬು ಕೇಳುವ ಹಾಗೆ ಮೆಲ್ಲಗೆ ಅಂದ.

ಭಾವ ಒಂದಿಷ್ಟು ಬಗ್ಗಿ ತನ್ನ ತುದಿಯನ್ನೂ ಕೆಳಗಿಟ್ಟಿದ್ದರೆ ಮುಗಿದಿತ್ತು, ಕೈ ಕೊಡಬಹುದಿತ್ತು. ಅವನು ದಂಡೆಯ ಕಡೆಗೆ ಕತ್ತು ತಿರುಗಿಸಿ, "ಪ್ಯಾನೆಲ್, ಪ್ಯಾನೆಲ್ ಹಿಡೀರೋ," ಎಂದು ಅರಚಿದ. ಏನೇ ಆಗಲಿ ಪ್ಯಾನೆಲ್ ಬಿಡಬಾರದು ಎಂದು ಮೇಸ್ತ್ರಿ ದಿನಾ ಗಿಳಿಪಾಠ ಒಪ್ಪಿಸುತ್ತಿದ್ದುದು ನಿಜ. ಆದರೆ ಗಿಳಿಗಾದರೂ ತನ್ನವರು ಯಾರೆಂದು ಗೊತ್ತಿರುತ್ತದೆ.

ತಿರುಗಿ ನೋಡುವಷ್ಟರಲ್ಲಿ ತೊಲೆಯ ಮೇಲೆ ಕೈ ಇರಲಿಲ್ಲ. ಆಗಲೇ ಹಾಸಿದ್ದ ಪ್ಯಾನೆಲ್‌ಗಳ ಅಡಿಗೆ ನೀರು ಅವನನ್ನು ಎಳೆದುಕೊಂಡು ಹೋಗಿತ್ತು. ಮೇಲೆ ಬಿಸಿಲಿಗೆ ಹೊಳೆಯುವ ಗಾಜು, ಕೆಳಗೆ ಕತ್ತಲೆ. ಎಲ್ಲಿದ್ದಾನೆ ಎಂದು ಯಾರಿಗೂ ಕಾಣದು. ದಂಡೆಯಲ್ಲಿದ್ದವರು ಎದ್ದೆವೋ ಬಿದ್ದೆವೋ ಎಂದು ಪ್ಯಾನೆಲ್ ಸಾಲು ಮುಗಿಯುವ ಕಡೆಗೆ ಓಡಿದರು. ಅಲ್ಲಿ ತಲೆ ಕಂಡಿತು, ಹಗ್ಗ ಎಸೆದು ಎಳೆದುಕೊಂಡರು. ಅಷ್ಟು ಹೊತ್ತೂ ಭಾವ ಪ್ಯಾನೆಲ್ ಹಿಡಿದುಕೊಂಡೇ ನಿಂತಿದ್ದ.

ಭಾಮೈದನನ್ನು ಲಾರಿಯಲ್ಲಿ ಮನೆಗೆ ಕಳಿಸಿದರು. ನಾಳೆಯಿಂದ ಹೊರುವ ಗುಂಪಿಗೆ ನೀನೇ ಮುಖ್ಯಸ್ಥ ಎಂದು ಎಂಜಿನಿಯರ್ ಭಾವನ ಬೆನ್ನು ತಟ್ಟಿದರು. ಕೆಲಸ ಬಿಟ್ಟ ಮೇಲೆ ಅವನಿಗೆ ಮನೆಯ ಕಡೆ ಕಾಲೇ ಏಳಲಿಲ್ಲ. ಟೀ ಅಂಗಡಿಯಲ್ಲಿ ಕೂತು, ಪ್ಯಾನೆಲ್ ಬಿಟ್ಟಿದ್ದರೆ ಅವನ ತಲೆ ಮೇಲೇ ಬೀಳುತ್ತಿತ್ತು ಎಂದು ತನಗೆ ತಾನೇ ಹೇಳಿಕೊಂಡ. ಆ ಮಾತು ಅವನಿಗೇ ಒಪ್ಪಿಗೆಯಾಗಲಿಲ್ಲ. ಕೊನೆಗೆ, ಹೋಗಿ ಎಲ್ಲರೆದುರು ಇದ್ದದ್ದು ಇದ್ದ ಹಾಗೆ ಹೇಳಿಬಿಡುವುದು, ಬೈದರೆ ಬೈಯಲಿ ಎಂದುಕೊಂಡು ಎದ್ದ.

ಹೊಸ್ತಿಲು ದಾಟುವ ಮೊದಲೇ ಅತ್ತೆ ಬಂದು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ಅಳಿಯಂದ್ರೇ, ನೀವು ಹಾರದೇ ಇದ್ದಿದ್ರೆ ನನ್ನ ಮಗ ನನಗೆ ಸಿಗ್ತಿರ್ಲಿಲ್ಲ."

ಭಾವನಿಗೆ ತಲೆಬುಡ ತಿಳಿಯಲಿಲ್ಲ. ಮಂಚದ ಮೇಲೆ ಕಂಬಳಿ ಹೊದ್ದು ಕೂತಿದ್ದ ಭಾಮೈದನ ಕಡೆ ನೋಡಿದ.

"ಎಲ್ಲಾ ಹೇಳ್ಬಿಟ್ಟೆ ಭಾವ," ಎಂದ ಅವನು, ಕಂಬಳಿಯ ಅಂಚು ನೋಡುತ್ತ. "ನಾನು ಬಿದ್ದೆ, ಹಿಂದೇನೇ ನೀವು ಹಾರಿದ್ರಿ, ಕೂದಲು ಹಿಡಿದು ಎಳೆದ್ರಿ."

ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

"ಅತ್ತೆ, ಅದು ಹಾಗಲ್ಲ..." ಎಂದು ಶುರುಮಾಡಿದ. ದೊಡ್ಡ ಮನಸ್ಸಿನವರು ಮಾಡಿದ್ದನ್ನು ಹೇಳಿಕೊಳ್ಳುವುದಿಲ್ಲ ಎಂದು ಅತ್ತೆ ಅಲ್ಲಿಗೇ ತಡೆದರು. ಬಾಗಿಲ ಬಳಿ ನಿಂತ ಹೆಂಡತಿ ಅವನನ್ನು ಹೇಗೆ ನೋಡುತ್ತಿದ್ದಳೆಂದರೆ, ಮದುವೆಯಾದ ಹೊಸದರಲ್ಲೂ ಅವಳು ಹಾಗೆ ನೋಡಿರಲಿಲ್ಲ. ನಾಚಿಕೆಯಿಂದ ಭಾವನ ಮುಖ ಸುಡುತ್ತಿತ್ತು. ಅದನ್ನೂ ಅವರು ವಿನಯ ಅಂದುಕೊಂಡರು.

ಹೆಂಡತಿ ಬಚ್ಚಲಿಗೆ ಕರೆದಳು. ಬಕೆಟ್ಟಿನಲ್ಲಿ ತಮ್ಮನ ಬಟ್ಟೆ ನೆನೆಯುತ್ತಿತ್ತು, ನೀರೆಲ್ಲ ಕೆಸರು. "ಒದ್ದೆ ಬಟ್ಟೇನ ಮೈಮೇಲೇ ಒಣಗಿಸ್ಕೊಂಡು ಬಂದಿದ್ದೀರಲ್ಲ, ಜ್ವರ ಬಂದ್ರೆ?" ಎಂದು ಗದರಿ ಅಂಗಿ ಬಿಚ್ಚಿಸಿಕೊಂಡಳು. ನೆನೆಹಾಕುವ ಮೊದಲು ಯಾವತ್ತಿನ ಹಾಗೆ ಜೇಬಿಗೆ ಕೈ ಹಾಕಿದಳು. ಬೀಡಿಕಟ್ಟು, ಬೆಂಕಿಪೊಟ್ಟಣ.

ಪೊಟ್ಟಣ ಅಲ್ಲಾಡಿಸಿದಳು. ಕಡ್ಡಿಗಳು ಗಲಗಲ ಎಂದವು. ಒಂದು ಕಡ್ಡಿ ತೆಗೆದು ಗೀರಿದಳು. ಮೊದಲ ಸಲಕ್ಕೇ ಹೊತ್ತಿಕೊಂಡಿತು.

ಅವಳು ಗಂಡನ ಮುಖ ನೋಡಲಿಲ್ಲ. ಕಡ್ಡಿ ಬೆರಳ ತನಕ ಉರಿದು ಬಂದಾಗ ಊದಿ ಆರಿಸಿದಳು.

"ಅಳಿಯಂದ್ರಿಗೆ ನೀರು ಕಾದಿದೆಯೇನೇ?" ಎಂದು ಒಳಗಿನಿಂದ ಅತ್ತೆ ಕೇಳಿದರು.

"ಕಾದಿದೆಯಮ್ಮ," ಎಂದಳು. ಬೀಡಿಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಮತ್ತೆ ಜೇಬಿಗೆ ತುರುಕಿ, ಅಂಗಿಯನ್ನು ತಮ್ಮನ ಬಟ್ಟೆಗಳಿದ್ದ ಆ ಕೆಸರು ನೀರಿಗೇ ಹಾಕಿದಳು. ಅದು ಉಬ್ಬಿಕೊಂಡು ಮೇಲೆ ಬಂತು. ಎರಡೂ ಕೈಯಿಂದ ಒತ್ತಿ, ಗುಳ್ಳೆ ಬರುವುದು ನಿಲ್ಲುವವರೆಗೂ ಹಾಗೇ ಹಿಡಿದುಕೊಂಡಳು.